ಸೋಮಕ್ಕನ ಹದಿನಾಲ್ಕು ಆಳು

ಸೋಮಕ್ಕನಿಗೆ ಕೋಪ ಬಂದರೆ ಮೊದಲು ಗೊತ್ತಾಗುವುದು ನನ್ನ ಗಾಡಿಗೆ. ಹಿಂದಿನ ಬಾಗಿಲ ಚಿಲಕವನ್ನು ಅಷ್ಟು ಜೋರಾಗಿ ಜಡಿಯುತ್ತಾಳೆ. ಲಗೇಜ್ ಆಟೋದಲ್ಲಿ ಜನರನ್ನು ಕೂರಿಸಬಾರದು ಎಂಬ ಕಾನೂನು ನನಗೂ ಗೊತ್ತು, ಗುರುಪುರದ ದಾರಿಯಲ್ಲಿ ನಿಲ್ಲುವ ಪೊಲೀಸರಿಗೂ ಗೊತ್ತು. ಹೆಂಗಸರಿಗೆ ಬಸ್ಸು ಪುಕ್ಕಟೆ ಎನ್ನುವುದೇನೋ ನಿಜ, ಆದರೆ ಸರ್ಕಾರಿ ಬಸ್ಸು ಯಾರ ಶುಂಠಿ ಹೊಲದೊಳಕ್ಕೂ ಬರುವುದಿಲ್ಲ. ಹಾಗಾಗಿ ಏಳು ವರ್ಷದಿಂದ ದಿನಾ ಬೆಳಗ್ಗೆ ಏಳೂವರೆಗೆ ನಮ್ಮೂರ ಹಾಲಿನ ಡೇರಿಯ ಮುಂದೆ ಹದಿನಾಲ್ಕು ಹೆಂಗಸರು ನನ್ನ ಗಾಡಿ ಹತ್ತುತ್ತಾರೆ. ಹತ್ತುತ್ತಿದ್ದರು ಎನ್ನಬೇಕು.

ಆ ಹದಿನಾಲ್ಕರಲ್ಲಿ ಸೋಮಕ್ಕನೂ ಒಬ್ಬಳು, ಉಳಿದ ಹದಿಮೂರು ಜನಕ್ಕೆ ಯಜಮಾನಿ. ವಯಸ್ಸು ಐವತ್ತೆರಡೋ ಐವತ್ಮೂರೋ, ಅವಳಿಗೇ ಸರಿಯಾಗಿ ಗೊತ್ತಿಲ್ಲ. ಗಂಡ ತೀರಿಕೊಂಡು ಬಹಳ ವರ್ಷವಾಯಿತು. ಒಬ್ಬಳೇ ಮಗಳನ್ನು ಕೆ.ಆರ್. ನಗರದ ಕಡೆ ಕೊಟ್ಟಿದ್ದಾಳೆ. ಸೀರೆಯ ಮೇಲೆ ಗಂಡನ ಹಳೇ ತುಂಬುತೋಳಿನ ಶರ್ಟು, ತಲೆಗೆ ಟವೆಲ್ಲು, ಸೊಂಟದ ಎಲೆಅಡಿಕೆ ಚೀಲದಲ್ಲಿ ಒಂದು ಗುಂಡಿ ಒತ್ತುವ ಮೊಬೈಲು. ಹೊಲದವರು ಸಂಜೆ ಆ ಮೊಬೈಲಿಗೆ ಫೋನು ಮಾಡಿ ನಾಳೆಗೆ ಎಷ್ಟು ಆಳು ಬೇಕು ಎನ್ನುತ್ತಾರೆ. ಹದಿನಾಲ್ಕು ಎಂದರೆ ಎಲ್ಲರೂ, ಹತ್ತು ಎಂದರೆ ಹತ್ತು ಜನ ಹೊರಡುತ್ತಾರೆ, ನಾಲ್ವರು ಉಳಿಯುತ್ತಾರೆ. ಇವತ್ತು ಉಳಿದವರು ನಾಳೆ ಮೊದಲು ಹೊರಡಬೇಕು, ಅದು ಸರದಿ. ಸೋಮಕ್ಕನಿಗೆ ಓದು ಬರಹ ಬಾರದು, ಆದರೆ ಈ ಸರದಿ ಏಳು ವರ್ಷದಲ್ಲಿ ಒಂದು ದಿನವೂ ತಪ್ಪಿದ್ದಿಲ್ಲ. ತಪ್ಪಿದೆ ಎಂದು ಯಾರಾದರೂ ಅಂದರೆ ಅವರ ಕಥೆ ಮುಗಿಯಿತು.

ಕಳೆ ತೆಗೆಯುವುದು, ಸಸಿ ನೆಡುವುದು ಯಾರಾದರೂ ಮಾಡುತ್ತಾರೆ. ಸೋಮಕ್ಕನ ಗುಂಪಿಗೆ ನಮ್ಮ ಕಡೆ ಹೆಸರಿರುವುದು ಹೊಗೆಸೊಪ್ಪು ಕಟ್ಟುವುದಕ್ಕೆ. ಹಸಿ ಎಲೆಗಳನ್ನು ಎರಡು ಮೂರು ಸೇರಿಸಿ, ಕಡ್ಡಿಯ ಈ ಕಡೆಗೊಂದು ಆ ಕಡೆಗೊಂದು ದಾರದಲ್ಲಿ ಬಿಗಿಯಬೇಕು. ಹಾಗೆ ಕಟ್ಟಿದ ಆರೇಳುನೂರು ಕಡ್ಡಿಗಳನ್ನು ಬ್ಯಾರನ್ ಎನ್ನುವ ಎತ್ತರದ ಮುಚ್ಚಿದ ಮನೆಯೊಳಗೆ ಸಾಲಾಗಿ ಏರಿಸಿ, ಕೆಳಗೆ ಸೌದೆ ಉರಿ ಕೊಟ್ಟು ಬೇಯಿಸಬೇಕು. ಮುರಿದ ಸೊಪ್ಪನ್ನು ಅದೇ ದಿನ ಕಟ್ಟಿ ಏರಿಸಿಬಿಡಬೇಕು. ರಾಶಿಯಲ್ಲೇ ಬಿಟ್ಟರೆ ಒಳಗೊಳಗೇ ಕಾವು ಏರಿ ಎಲೆ ಕಂದಿಹೋಗುತ್ತದೆ. ಸಡಿಲವಾಗಿ ಕಟ್ಟಿದರೆ ಎಲೆ ಜಾರಿ ಕೆಳಗಿನ ಬಿಸಿ ಕೊಳವೆಯ ಮೇಲೆ ಬೀಳುತ್ತದೆ, ಬಿದ್ದರೆ ಇಡೀ ಬ್ಯಾರನ್ನಿಗೇ ಬೆಂಕಿ. ಸೋಮಕ್ಕ ಕಟ್ಟಿದ ಕಡ್ಡಿಯಿಂದ ಎಲೆ ಬಿದ್ದದ್ದನ್ನು ನಾನು ನೋಡಿಲ್ಲ.

ಅವಳ ಕಥೆಯಲ್ಲಿ ಇನ್ನೊಂದು ವಿಷಯ ಹೇಳಲೇಬೇಕು. ಅವಳಪ್ಪ ಅವ್ವ ಕೋಟೆ ತಾಲೂಕಿನವರು, ಕೂಲಿಗೆಂದು ಕೊಡಗಿನ ಕಾಫಿ ತೋಟಕ್ಕೆ ಹೋದವರು. ಸೋಮಕ್ಕ ಬೆಳೆದದ್ದು ತೋಟದ ಕೂಲಿಗಳಿಗೆಂದು ಸಾಲಾಗಿ ಕಟ್ಟಿದ ಲೈನ್ ಮನೆಯಲ್ಲಿ. ಆರು ತಿಂಗಳು ಈ ತೋಟ, ಆರು ತಿಂಗಳು ಆ ತೋಟ. ಶಾಲೆಯ ಜಗಲಿ ಹತ್ತಿದ್ದು ಮಳೆ ಬಂದಾಗ ನಿಲ್ಲುವುದಕ್ಕೆ ಮಾತ್ರ ಎಂದು ನಗುತ್ತಲೇ ಹೇಳುತ್ತಾಳೆ. ಅವಳ ಗುಂಪಿನಲ್ಲಿ ಒಂಬತ್ತು ಜನಕ್ಕೆ ಶಾಲೆಗೆ ಹೋಗುವ ಮಕ್ಕಳಿದ್ದಾರೆ.

"ನನ್ ಗುಂಪ್ನೋರು ಯಾರೂ ಮಕ್ಳ ಬುಟ್ಟು ಕೊಡಗ್ಗೆ ಓಗಾಕಿಲ್ಲ. ನಾನಿರೋಗಂಟ ಓಗಾಕಿಲ್ಲ" ಎಂದು ನನ್ನ ಗಾಡಿಯಲ್ಲಿ ಎಷ್ಟು ಸಲ ಅಂದಿದ್ದಾಳೋ. ಅದಕ್ಕಾಗಿಯೇ ಗುಂಪು ಒಡೆಯಬಾರದು ಎಂದು ಅವಳಿಗೆ ಅಷ್ಟು ಹಟ. ಹದಿನಾಲ್ಕು ಜನ ಒಟ್ಟಿಗಿದ್ದರೆ ಒಂದೇ ದಿನಕ್ಕೆ ಬ್ಯಾರನ್ ತುಂಬುತ್ತದೆ, ಆಗ ಹೊಲದವರು ತಾವಾಗಿ ಕರೆಯುತ್ತಾರೆ. ಇಬ್ಬರು ಅಲ್ಲಿಗೆ, ಮೂವರು ಇಲ್ಲಿಗೆ ಎಂದು ಚದುರಿದರೆ ಉಳಿದವರಿಗೂ ಕರೆ ನಿಲ್ಲುತ್ತದೆ.

ಈ ವರ್ಷ ಆ ಕರೆಯೇ ಕಮ್ಮಿಯಾಗತೊಡಗಿತು. ಬೇಸಾಯ ಕೆಟ್ಟಿತೇ ಎಂದರೆ ಇಲ್ಲ, ಮಳೆ ಹದವಾಗಿಯೇ ಬಂದಿತ್ತು. ಕೆಟ್ಟದ್ದು ಬೇರೆ ಎಲ್ಲೋ.

ಅದು ಶುರುವಾದದ್ದು ನಮ್ಮ ಮನೆಯಿಂದಲೇ ಎಂದರೂ ತಪ್ಪಿಲ್ಲ. ನನ್ನ ತಮ್ಮ ಮಹೇಂದ್ರ ಐ.ಟಿ.ಐ. ಮಾಡಿ ಮೈಸೂರಿನ ಕಡೆ ಒಂದು ಕಾರ್ಖಾನೆಯಲ್ಲಿ ಆರು ವರ್ಷ ಗುತ್ತಿಗೆಯ ಮೇಲೆ ಫಿಟ್ಟರ್ ಆಗಿದ್ದ. ಯುಗಾದಿಗೆ ಹದಿನೈದು ದಿನ ಮುಂಚೆ ಬ್ಯಾಗು ಹಿಡಿದುಕೊಂಡು ಬಂದ. ಆರ್ಡರ್ ಇಲ್ಲವಂತೆ, ಬಂದಾಗ ಕರೆಯುತ್ತಾರಂತೆ. ಹಬ್ಬ ಕಳೆಯಿತು, ಕರೆ ಬರಲಿಲ್ಲ. ಶಿಫ್ಟಿನ ಅಭ್ಯಾಸಕ್ಕೆ ಬೆಳಗ್ಗೆ ನಾಲ್ಕೂವರೆಗೇ ಎದ್ದು ಕೂರುತ್ತಿದ್ದ. ನಮ್ಮಪ್ಪ ನಂಜಯ್ಯ ಎರಡು ವಾರ ಸುಮ್ಮನಿದ್ದು, ಆಮೇಲೆ ಅವನ ಕೈಗೆ ಗುದ್ದಲಿ ಕೊಟ್ಟರು. ಹೀಗೆ ನಮ್ಮೂರಿನಲ್ಲಿ ಏಳೆಂಟು ಮನೆಗೆ ಏಳೆಂಟು ಹುಡುಗರು ಹಿಂದಿರುಗಿದರು. ಒಬ್ಬೊಬ್ಬರದು ಒಂದೊಂದು ಕಂಪನಿ, ಕಾರಣ ಮಾತ್ರ ಒಂದೇ. ಯಾರೂ ಕೆಲಸ ಹೋಯಿತು ಎನ್ನುತ್ತಿರಲಿಲ್ಲ. ಕೇಳಿದರೆ ಬೇಸಾಯ ನೋಡಿಕೊಳ್ಳೋಕೆ ಬಂದೆ ಎನ್ನುತ್ತಿದ್ದರು.

ಬೇಸಾಯ ನೋಡಿಕೊಳ್ಳುವವರು ಮನೆಯಲ್ಲೇ ಇರುವಾಗ ಹೊರಗಿನ ಆಳು ಯಾಕೆ? ಅದರ ಜೊತೆಗೆ, ಎಂದೋ ಬಿಟ್ಟುಹೋಗಿದ್ದ ಮುಯ್ಯಾಳು ಮತ್ತೆ ಬಂತು. ಇವತ್ತು ನಿಮ್ಮ ಹೊಲಕ್ಕೆ ನಾವು ಬರುತ್ತೇವೆ, ನಾಳೆ ನಮ್ಮ ಹೊಲಕ್ಕೆ ನೀವು ಬನ್ನಿ. ಕೂಲಿ ಇಲ್ಲ, ಊಟ ಮಾತ್ರ. ಊರಿನ ಹಿರಿಯರಿಗೆಲ್ಲ ಖುಷಿಯೋ ಖುಷಿ. ಹಳೇ ಕಾಲದ ಒಗ್ಗಟ್ಟು ತಿರುಗಿ ಬಂತು ಎಂದು ಡೇರಿಯ ಮುಂದೆ ನಮ್ಮಪ್ಪನೇ ಭಾಷಣ ಬಿಗಿದರು. ಆ ಒಗ್ಗಟ್ಟಿನಲ್ಲಿ ಸೋಮಕ್ಕನಿಗೆ ಜಾಗವಿರಲಿಲ್ಲ. ಮುಯ್ಯಾಳಿಗೆ ಬಂದವರಿಗೆ ತಿರುಗಿ ಮುಯ್ಯಿ ತೀರಿಸಲು ಒಂದು ಹೊಲ ಬೇಕಲ್ಲ. ಹದಿನಾಲ್ಕು ಜನರಲ್ಲಿ ಒಬ್ಬರಿಗೂ ಹೊಲವಿಲ್ಲ.

ನಾನು ಹುಣಸೂರು ಕಾಲೇಜಿನಲ್ಲಿ ಬಿ.ಎ. ಮಾಡಿದವನು, ಅದೂ ಅರ್ಥಶಾಸ್ತ್ರ. ನಿರುದ್ಯೋಗವು ದೇಶದ ಆರ್ಥಿಕ ಬೆಳವಣಿಗೆಯ ಮೇಲೆ ಬೀರುವ ಪರಿಣಾಮವನ್ನು ವಿವರಿಸಿ ಎಂಬ ಹತ್ತು ಅಂಕದ ಪ್ರಶ್ನೆಗೆ ಉರು ಹೊಡೆದು ಎರಡೂವರೆ ಪುಟ ತುಂಬಿಸಿದ್ದೆ. ಕೆಲಸ ಹೋದವನು ಕೊಳ್ಳುವುದನ್ನು ಬಿಡುತ್ತಾನೆ, ಮಾರುವವನಿಗೆ ವ್ಯಾಪಾರ ಬೀಳುತ್ತದೆ, ಅವನೂ ಒಬ್ಬನನ್ನು ಬಿಡಿಸುತ್ತಾನೆ, ಹೀಗೇ. ಏಳು ಅಂಕ ಬಂದಿತ್ತು. ಆದರೆ ಮೈಸೂರಿನಲ್ಲಿ ಒಬ್ಬ ಫಿಟ್ಟರಿನ ಕೆಲಸ ಹೋದರೆ ಗುರುಪುರದ ಪಕ್ಕದ ಊರಿನಲ್ಲಿ ಹೊಲವೇ ಇಲ್ಲದ ಹೆಂಗಸಿನ ಕೂಲಿ ಹೋಗುತ್ತದೆ ಎಂದು ನನ್ನ ಉತ್ತರದಲ್ಲಿ ಇರಲಿಲ್ಲ. ನಮ್ಮ ಲೆಕ್ಚರರ್ ನೋಟ್ಸಿನಲ್ಲೂ ಇರಲಿಲ್ಲ.

ಮೇ ತಿಂಗಳಲ್ಲಿ ನಮ್ಮ ಮೂರು ಎಕರೆಗೆ ಹೊಗೆಸೊಪ್ಪಿನ ಸಸಿ ನೆಟ್ಟಾಗ ನಾವು ಸೋಮಕ್ಕನನ್ನು ಕರೆಯಲಿಲ್ಲ. ಅಪ್ಪ, ಮಹೇಂದ್ರ, ನಾನು, ನನ್ನ ಹೆಂಡತಿ, ಮುಯ್ಯಾಳಿಗೆ ಬಂದ ಐದು ಜನ. ಆ ದಿನ ನಾನು ಗಾಡಿ ಹೊರಡಿಸಲಿಲ್ಲ, ಕ್ಲಚ್ಚು ಕೆಟ್ಟಿದೆ ಎಂದು ಅವಳಿಗೆ ಫೋನು ಮಾಡಿದೆ. ನಮ್ಮ ಹೊಲ ರಸ್ತೆ ಪಕ್ಕದಲ್ಲೇ ಇದೆ. ಅವಳು ನೋಡದೆ ಇರಲು ಸಾಧ್ಯವೇ ಇರಲಿಲ್ಲ. ಮಾರನೇ ದಿನ ಗಾಡಿ ಹತ್ತುವಾಗ ಏನೂ ಕೇಳಲಿಲ್ಲ, ಚಿಲಕವನ್ನೂ ಮೆಲ್ಲಗೇ ಹಾಕಿದಳು. ಬೈದಿದ್ದರೆ ಒಳ್ಳೆಯದಿತ್ತು.

ಜೂನು ಜುಲೈನ ಸಂಜೆಗಳೆಲ್ಲ ಒಂದೇ ತರ ಕಳೆದವು. ಆರು ಗಂಟೆಗೆ ಸೋಮಕ್ಕ ಡೇರಿಯ ಎದುರಿಗಿರುವ ತನ್ನ ಮನೆಯ ಜಗಲಿಯ ಮೇಲೆ ಕೂರುವಳು. ಮೊಬೈಲು ಚೀಲದೊಳಗಿದ್ದರೆ ಸದ್ದು ಕೇಳಿಸದೇನೋ ಎಂದು ಹೊರಗೆ ತೆಗೆದು ಪಕ್ಕದಲ್ಲಿಟ್ಟುಕೊಳ್ಳುವಳು. ಸ್ವಲ್ಪ ಹೊತ್ತಿಗೆ ಗುಂಪಿನ ಹೆಂಗಸರು ಒಬ್ಬೊಬ್ಬರೇ ಬರುವರು. ನಾಳೆ ಕೆಲಸ ಇದೆಯಾ ಎಂದು ನೇರವಾಗಿ ಕೇಳಲು ಬಾಯಿ ಬಾರದು. ಒಬ್ಬಳು ಮೊಸರಿಗೆ ಹೆಪ್ಪು ಕೊಡಕ್ಕ ಎನ್ನುವಳು, ಇನ್ನೊಬ್ಬಳು ಕರಿಬೇವು ಎನ್ನುವಳು. ಕರಿಬೇವಿನ ಗಿಡ ಬೋಳಾಯಿತು. ಹೆಪ್ಪು ತೆಗೆದುಕೊಂಡು ಹೋದವರ ಮನೆಯಲ್ಲಿ ಹಾಲೇ ಕೊಳ್ಳುತ್ತಿಲ್ಲ ಎಂದು ಡೇರಿಯ ಪಕ್ಕದಲ್ಲಿ ಗಾಡಿ ನಿಲ್ಲಿಸುವ ನನಗೆ ಚೆನ್ನಾಗಿ ಗೊತ್ತಿತ್ತು.

ಜುಲೈ ಕೊನೆಯಲ್ಲಿ ವೀರಭದ್ರಸ್ವಾಮಿಯವರ ಫೋನು ಬಂತು. ಎಂಟು ಎಕರೆ ಶುಂಠಿ ಹಾಕಿರುವ ದೊಡ್ಡ ಕುಳ, ಒಳ್ಳೆಯವರು, ಕೂಲಿ ಬಾಕಿ ಇಟ್ಟವರಲ್ಲ. ಕಳೆ ತೆಗೆಯಲು ಆರು ಜನ ಬೇಕು, ನಾಲ್ಕು ದಿನದ ಕೆಲಸ ಎಂದರು. ಅದಕ್ಕೆ ಮುಂಚೆ ಒಂಬತ್ತು ದಿನ ಯಾರಿಗೂ ಕೆಲಸವಿರಲಿಲ್ಲ. ಮಾರನೇ ಬೆಳಗ್ಗೆ ಡೇರಿಯ ಮುಂದೆ ನೋಡಿದರೆ ಹದಿನಾಲ್ಕು ಜನವೂ ಬುತ್ತಿ ಹಿಡಿದು ನಿಂತಿದ್ದಾರೆ.

"ಆರಾಳ್ ಕೇಳಿರೋದಲ್ವಾ ಸೋಮಕ್ಕ?" ಎಂದೆ.

"ಆರಾಳ್ ಕೂಲೀನೇ ಇಸ್ಕೊಳೋದು. ಹದಿನಾಕು ಜನ ಅಂಚ್ಕೋತೀವಿ. ಯಾರ್ನೂ ಮನೇಲಿ ಕೂರ್ಸಕಾಗಾಕಿಲ್ಲ ಕಣಪ್ಪ. ಯಜಮಾನ್ರಿಗೇನ್ ಲುಕ್ಸಾನು?"

ನನಗೂ ಸರಿ ಅನ್ನಿಸಿತು. ಸೋಮಕ್ಕ ಎಂಥ ಹೆಂಗಸು ಎಂದು ಹೆಮ್ಮೆಯೂ ಆಯಿತು, ಸುಳ್ಳೇಕೆ ಹೇಳಲಿ. ಹದಿನಾಲ್ಕು ಜನ ಎಷ್ಟೋ ದಿನದ ಮೇಲೆ ಕೆಲಸ ಕಂಡವರು, ಹಾಡಿಕೊಂಡು, ಒಬ್ಬರನ್ನೊಬ್ಬರು ಚುಡಾಯಿಸಿಕೊಂಡು, ಮುಗಿಬಿದ್ದು ಕಳೆ ಕಿತ್ತರು. ಆರು ಜನಕ್ಕೆ ನಾಲ್ಕು ದಿನವಾಗಬೇಕಿದ್ದ ಕೆಲಸ ಎರಡನೇ ದಿನ ಮಧ್ಯಾಹ್ನದ ಊಟಕ್ಕೆ ಮುಗಿದುಹೋಯಿತು.

ವೀರಭದ್ರಸ್ವಾಮಿಯವರು ಹೊಲ ಸುತ್ತಿ ಬಂದು, ಕೈ ಹಿಂದೆ ಕಟ್ಟಿಕೊಂಡು ನಿಂತರು. "ಎರಡ್ ದಿನುದ್ ಕೂಲಿ ತಕೊ ಸೋಮಮ್ಮ, ಆರಾಳಿಂದು."

"ನಾಕ್ ದಿನುದ್ ಕೆಲ್ಸ ಅಂದಿದ್ರಲ್ಲ ಯಜಮಾನ್ರೇ?"

"ಅಂದಿದ್ದೆ. ಒಂದೂವರೆ ದಿನ್ದಲ್ಲಿ ಮುಗೀತಲ್ಲ. ನಾನು ಎರಡ್ ದಿನುದ್ದು ಕೊಡ್ತಾ ಇದ್ದೀನಿ, ಅರ್ಧ ದಿನ ಸೇರ್ಸಿ."

"ಹದಿನಾಕು ಜನ ಮಾಡಿರೋದು."

"ನಾನ್ ಕೇಳಿದ್ದು ಆರು. ಹದಿನಾಕು ಜನ ಬಾ ಅಂದಿದ್ನಾ?"

ಅವರ ಮಾತಿನಲ್ಲೂ ತಪ್ಪಿರಲಿಲ್ಲ. ನಾಲ್ಕು ದಿನಕ್ಕೆ ಆರು ಜನಕ್ಕೆ ಬರಬೇಕಿದ್ದ ಕೂಲಿ ಅರ್ಧಕ್ಕಿಳಿಯಿತು, ಆ ಅರ್ಧವನ್ನು ಹದಿನಾಲ್ಕು ಪಾಲು ಮಾಡಬೇಕಾಯಿತು. ಇಷ್ಟಕ್ಕೇ ನಿಂತಿದ್ದರೆ ಹೋಗಲಿ ಎನ್ನಬಹುದಿತ್ತು. ವಿಷಯ ಅಕ್ಕಪಕ್ಕದ ಊರಿಗೆಲ್ಲ ಹಬ್ಬಿತು. ಸೋಮಮ್ಮನ ಗುಂಪು ಎಂಟೆಕರೆಯನ್ನು ಒಂದೂವರೆ ದಿನದಲ್ಲಿ ಬಳಿದು ಹಾಕಿತಂತೆ ಎಂದು ಹೊಗಳುತ್ತಲೇ, ಆಮೇಲೆ ಫೋನು ಮಾಡಿದವರೆಲ್ಲ ಮೊದಲು ಹತ್ತು ಕೇಳುವ ಕಡೆ ಐದು ಕೇಳಿದರು, ಐದು ಕೇಳುವ ಕಡೆ ಎರಡು. ದಿನದ ಲೆಕ್ಕ ಬೇಡ, ಇಷ್ಟು ಹೊಲಕ್ಕೆ ಇಷ್ಟು ಎಂದು ಗುತ್ತಿಗೆ ಮಾತಾಡೋಣ ಎಂದರು. ಹೊಟ್ಟೆಗಿಲ್ಲದವರು ಬೇಗ ಮುಗಿಸುತ್ತಾರೆ ಎಂದು ಎಲ್ಲರಿಗೂ ಗೊತ್ತಾಗಿಹೋಗಿತ್ತು.

ಸೋಮಕ್ಕ ಆ ವಾರ ನನ್ನ ಗಾಡಿಯ ಮುಂದಿನ ಸೀಟಿನಲ್ಲಿ ಕೂತು, ಯಾರಿಗೂ ಕೇಳಿಸದ ಹಾಗೆ ಅಂದಳು: "ನನ್ ಕೈಯ್ಯಾರ ಕೆಡಿಸ್ದೆ ಕಣ್ಲಾ ಚಲುವ. ಆರು ಜನ ಓಗಿದ್ರೆ ನಾಕು ದಿನ ಸರದಿ ಮೇಲೆ ಎಲ್ರೂ ಉಣ್ತಿದ್ರು. ನಾನೇ ಕೆಡಿಸ್ದೆ."

ನಾನು ಗೇರು ಬದಲಾಯಿಸಿದೆ.

ಮೊದಲು ಬಾಯಿ ಬಿಟ್ಟವಳು ವಾಣಿಶ್ರೀ. ಗುಂಪಿನಲ್ಲಿ ಎಲ್ಲರಿಗಿಂತ ಚಿಕ್ಕವಳು, ಎರಡು ಮಕ್ಕಳ ತಾಯಿ, ಕೈ ಚುರುಕು, ನಾಲಗೆ ಇನ್ನೂ ಚುರುಕು. ಒಂದು ಸಂಜೆ ಹೆಪ್ಪಿನ ನೆಪವನ್ನೂ ಹೇಳದೆ ಜಗಲಿ ಹತ್ತಿ ನಿಂತಳು. ಗಾಡಿಗೆ ಟಾರ್ಪಾಲು ಹೊದಿಸುತ್ತಿದ್ದ ನಾನೂ ಅಲ್ಲೇ ಇದ್ದೆ.

"ಸೋಮಕ್ಕ, ನಿನ್ ಅಟಕ್ಕೆ ನನ್ ಮಕ್ಳು ಉಪಾಸ ಬೀಳ್ಬೇಕಾ? ಕೊಡಗಿನ್ ರೈಟರ್ ನಂಬರ್ ನಿನ್ತಾವ್ ಅದೆ. ಫೋನ್ ಮಾಡು. ಇಲ್ದಿದ್ರೆ ನಾನೊಬ್ಳೇ ಓಯ್ತೀನಿ."

"ಮಕ್ಳು?"

"ಅತ್ತೆ ನೋಡ್ಕೋತಾಳೆ. ಬುಟ್ಟೋದ್ರೆ ಇಸ್ಕೂಲ್ಗಾದ್ರೂ ಓಯ್ತವೆ. ಇಲ್ಲೇ ಇದ್ರೆ ನಾನು ಏನಿಕ್ಲಿ?"

ಸೋಮಕ್ಕ ಜಗಳ ತೆಗೆಯುತ್ತಾಳೆ ಎಂದುಕೊಂಡೆ. ತೆಗೆಯಲಿಲ್ಲ. ಎಲೆಅಡಿಕೆ ಚೀಲದಿಂದ ಮಡಚಿದ ಒಂದು ಚೀಟಿ ತೆಗೆದು ನನ್ನ ಕೈಗೆ ಕೊಟ್ಟು, ನಂಬರು ಒತ್ತಿಕೊಡು ಎಂದಳು. ಕಾಫಿ ತೋಟದಲ್ಲಿ ಆಳುಗಳ ಲೆಕ್ಕ ಬರೆಯುವ ಆ ರೈಟರು ಚುಟುಕಾಗಿ ಮಾತಾಡಿದರು: ಮಳೆ ಬಿಟ್ಟಿದೆ, ಕಳೆ ಗೊಬ್ಬರದ ಕೆಲಸ ಇದೆ, ಆಮೇಲೆ ಕಾಫಿ ಹಣ್ಣಿನ ಕೊಯ್ಲು, ಸಂಕ್ರಾಂತಿವರೆಗೆ ಇರಬೇಕು, ಹದಿನಾಲ್ಕು ಜನಕ್ಕೆ ಜಾಗ ಇದೆ. ಸೋಮವಾರ ಬೆಳಗ್ಗೆ ಒಂಬತ್ತಕ್ಕೆ ಪಿರಿಯಾಪಟ್ಟಣಕ್ಕೆ ಜೀಪು ಬರುತ್ತದೆ, ತಪ್ಪಿಸಿದರೆ ಬೇರೆ ಗುಂಪು ಕಾಯುತ್ತಿದೆ. ಸೋಮಕ್ಕ ಹೂಂ ಎಂದಳು. ಒಬ್ಬೊಬ್ಬರೇ ಹೋಗುವ ಬದಲು ಹದಿನಾಲ್ಕೂ ಜನ ಒಟ್ಟಿಗೇ ಹೋಗುವುದು ಎಂದಾಯಿತು. ಒಡೆಯಬಾರದು ಎಂಬ ಹಟದಲ್ಲಿ ಅವಳಿಗೆ ಉಳಿದದ್ದು ಅಷ್ಟೇ.

ಅದೇ ವಾರ ನಮ್ಮ ಸೊಪ್ಪು ಹಣ್ಣಾಗಿತ್ತು. ಮೊದಲ ಸಲ ಮುರಿದದ್ದನ್ನು ಮನೆಯವರೇ ಸೇರಿ ಹೇಗೋ ಕಟ್ಟಿ ಬೇಯಿಸಿದ್ದೆವು. ಅರ್ಧಕ್ಕರ್ಧ ಕಡ್ಡಿಯಿಂದ ಎಲೆ ಜಾರಿ, ಅಪ್ಪ ಸೊಪ್ಪು ಬೇಯುವ ಐದು ದಿನವೂ ಬ್ಯಾರನ್ನಿನ ಮುಂದೆ ನೀರಿನ ಕೊಡ ಇಟ್ಟುಕೊಂಡು ಕೂತಿದ್ದರು. ಎರಡನೇ ಸಲ ಸೊಪ್ಪು ಜಾಸ್ತಿ. ಸೋಮವಾರದಿಂದ ಜೋರು ಮಳೆ ಎಂದು ಫೋನಿನಲ್ಲಿ ಬಂದದ್ದನ್ನು ನಂಬಿ, ಭಾನುವಾರ ಮುಯ್ಯಾಳಿನವರನ್ನು ಸೇರಿಸಿಕೊಂಡು ಎರಡು ಎಕರೆಯಷ್ಟನ್ನು ಒಂದೇ ಸಲ ಮುರಿದು ರಾಶಿ ಹಾಕಿದೆವು. ಅಷ್ಟರಲ್ಲಿ ಕತ್ತಲಾಗಿತ್ತು, ಒಂದು ರಾತ್ರಿಗೆ ಏನೂ ಆಗದು ಎಂದುಕೊಂಡೆವು. ಸೋಮವಾರ ಕಟ್ಟಲು ಬರುತ್ತೇವೆ ಎಂದಿದ್ದ ಮುಯ್ಯಾಳಿನವರು ಅವತ್ತು ಬೆಳಗ್ಗೆ ಕೈಕೊಟ್ಟರು. ಮಳೆ ಭಯ ಅವರಿಗೂ ಇತ್ತು, ಅವರವರ ಸೊಪ್ಪು ಅವರವರಿಗೆ.

ಅಷ್ಟು ಹೊತ್ತಿಗೆ ನಾನು ಸೋಮಕ್ಕನ ಗುಂಪನ್ನು ಹತ್ತಿಸಿಕೊಂಡು ಹೊರಟಿದ್ದೆ. ದಿನಾ ಬುತ್ತಿ ಇರುತ್ತಿದ್ದ ಕಡೆ ಅವತ್ತು ಬಟ್ಟೆಗಂಟು, ಪಾತ್ರೆ, ಸುತ್ತಿದ ಚಾಪೆ. ವಾಣಿಶ್ರೀಯ ಚಿಕ್ಕ ಮಗ ಡೇರಿಯವರೆಗೂ ಅತ್ತುಕೊಂಡು ಬಂದಿದ್ದ. ಪಿರಿಯಾಪಟ್ಟಣಕ್ಕೆ ಇನ್ನು ಆರೇಳು ಮೈಲಿ ಇರುವಾಗ ಅಪ್ಪನ ಫೋನು ಬಂತು.

"ಸೊಪ್ಪು ಕಾವೇರೈತೆ ಕಣ್ಲಾ! ರಾಶಿಯೊಳೀಕೆ ಕೈ ಇಕ್ಕಂಗಿಲ್ಲ. ನಾವ್ ನಾಕು ಜನ ಕಟ್ಟಿದ್ರೆ ನಾಳೀಕೂ ಮುಗ್ಯಾಕಿಲ್ಲ. ಸೋಮಮ್ಮನ್ನ ಕೇಳ್ಲಾ, ಕಾಲಿಡ್ಕೊಂಡು ಕೇಳು!"

ಗಾಡಿಯನ್ನು ರಸ್ತೆ ಪಕ್ಕಕ್ಕೆ ಹಾಕಿದೆ. ಸೊಪ್ಪು ಕಟ್ಟುವುದರಲ್ಲಿ ತಾಲೂಕಿಗೇ ಹೆಸರಾದ ಹದಿನಾಲ್ಕು ಜನ ನನ್ನ ಗಾಡಿಯೊಳಗೇ ಕೂತಿದ್ದಾರೆ, ಅಲ್ಲಿ ನಮ್ಮ ವರ್ಷದ ಬೆಳೆ ಕಂದುತ್ತಿದೆ, ನಾನು ಇವರನ್ನು ಕೊಡಗಿನ ಕಡೆ ಸಾಗಿಸುತ್ತಿದ್ದೇನೆ. ಇದಕ್ಕಿಂತ ದಡ್ಡತನ ಇನ್ನೇನಿದೆ? ಮುಂದಿನ ಸೀಟಿನಲ್ಲಿದ್ದ ಸೋಮಕ್ಕನಿಗೆ ಅಪ್ಪನ ಮಾತೆಲ್ಲ ಕೇಳಿಸಿತ್ತು. ಅವಳು ಕೇಳಿದ್ದು ಒಂದೇ ಮಾತು.

"ಎಷ್ಟ್ ಜನ ಬೇಕು?"

ಹದಿನಾಲ್ಕು ಎನ್ನಬೇಕಿತ್ತು. ನಾಲಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಮಹೇಂದ್ರನ ಸಂಬಳ ನಿಂತದ್ದು, ಮುಂದಿನ ತಿಂಗಳು ಈ ಗಾಡಿಗೂ ಬಾಡಿಗೆ ಇರುವುದಿಲ್ಲ ಎಂಬುದು, ಹರಾಜಿನಲ್ಲಿ ಸೊಪ್ಪಿಗೆ ಏನು ರೇಟು ಬರುತ್ತದೋ ಎಂಬುದು ಎಲ್ಲವೂ ಒಟ್ಟಿಗೇ ತಲೆಗೆ ನುಗ್ಗಿತು.

"ನಾಕು... ನಾಕು ಜನ ಸಾಕು ಸೋಮಕ್ಕ. ಇವತ್ತೊಂದ್ ದಿನ" ಎಂದೆ.

ಹಿಂದಿನಿಂದ ವಾಣಿಶ್ರೀ ಬಗ್ಗಿ ನೋಡಿದಳು. ಅವಳ ಕಣ್ಣಲ್ಲಿ ಆ ನಾಲ್ವರಲ್ಲಿ ತಾನೂ ಒಬ್ಬಳಾಗಲಿ ಎಂಬ ಆಸೆ ಎದ್ದು ಕಾಣುತ್ತಿತ್ತು. ಒಂದೇ ದಿನವಾದರೂ ಆಗಲಿ, ಸಂಜೆ ಮನೆಗೆ ಹೋಗಬಹುದಲ್ಲ.

ಸೋಮಕ್ಕ ನನ್ನ ಮುಖವನ್ನೇ ನೋಡಿದಳು. ಕೋಪವಿರಲಿಲ್ಲ. "ಈ ಸೊಪ್ಪು ಮುಗ್ಯೋಗಂಟ ಹದಿನಾಕು ಜನಕ್ಕೂ ಕೆಲ್ಸ ಕೊಡ್ತೀನಿ ಅಂದಿದ್ರೆ, ಈಗ್ಲೇ ಗಾಡಿ ತಿರುಗ್ಸು ಅಂತಿದ್ದೆ. ನಾಕು ಜನುನ್ನ ಇಳಿಸ್ಕೊಂಡು ಒಂದ್ ದಿನ ಇಟ್ಕೊಂಡು ಬುಟ್ರೆ, ಇತ್ಲಾಗೆ ನೀನೂ ಇಲ್ಲ, ಅತ್ಲಾಗೆ ರೈಟ್ರೂ ಇಲ್ಲ. ನಡಿ, ಜೀಪ್ ಬಂದ್ಬುಡ್ತದೆ."

ಪಿರಿಯಾಪಟ್ಟಣದಲ್ಲಿ ಅವರ ಗಂಟುಗಳನ್ನು ಜೀಪಿಗೆ ಎತ್ತಿಕೊಟ್ಟೆ. ಬಾಡಿಗೆ ಬೇಡ ಎಂದೆ. ಸೋಮಕ್ಕ ಬಲವಂತವಾಗಿ ನನ್ನ ಜೇಬಿಗೆ ತುರುಕಿದಳು. ಬರುವಾಗ ಖಾಲಿ ಗಾಡಿ ಎಲ್ಲಾ ಹಳ್ಳಕ್ಕೂ ಎಗರಿ ಎಗರಿ ಬೀಳುತ್ತಿತ್ತು. ಮಳೆಯೂ ಬರಲಿಲ್ಲ. ಫೋನಿನವರ ಮಳೆ ಎಲ್ಲಿ ಸುರಿಯಿತೋ ಗೊತ್ತಿಲ್ಲ.

ಮನೆಗೆ ಬಂದಾಗ ಅಪ್ಪ ರಾಶಿಯನ್ನು ಅಗಲವಾಗಿ ಹರವಿ ನೆರಳು ಮಾಡಿದ್ದರು. ಒಳಗಿನ ಎಲೆಗಳು ಆಗಲೇ ಕಂದು ತಿರುಗಿ, ಮುಟ್ಟಿದರೆ ಕೈಗೆ ಅಂಟುತ್ತಿದ್ದವು. ಸಂಜೆಯವರೆಗೆ ನಾಲ್ವರೂ ತಲೆಯೆತ್ತದೆ ಕಟ್ಟಿದೆವು. ಬ್ಯಾರನ್ ಅರ್ಧವೂ ತುಂಬಲಿಲ್ಲ. ಅರ್ಧ ತುಂಬಿದ ಬ್ಯಾರನ್ನಿಗೂ ಸೌದೆ ಪೂರ್ತಿಯೇ ಬೇಕು. ಉಳಿದ ಸೊಪ್ಪನ್ನು ಅಪ್ಪ ತಾವೇ ತಿಪ್ಪೆಗೆ ಎಸೆದು ಬಂದು, ಕೈ ತೊಳೆಯದೆ ಹಾಗೇ ಕೂತರು. ಉಳಿಸಬೇಕೆಂದಿದ್ದ ಕೂಲಿಯ ಎಷ್ಟೋ ಪಟ್ಟು ಆ ತಿಪ್ಪೆಯಲ್ಲಿತ್ತು.

ಮಹೇಂದ್ರ ದಾರದ ಉಂಡೆಯನ್ನು ಸುತ್ತುತ್ತ ನನ್ನ ಹತ್ತಿರ ಬಂದ. ಬೆರಳುಗಳೆಲ್ಲ ಸೊಪ್ಪಿನ ಅಂಟಿನಿಂದ ಕಪ್ಪಾಗಿದ್ದವು.

"ಅಣ್ಣ, ಸೋಮಕ್ಕೋರು ಓದ್ರಲ್ಲ, ಆ ತೋಟದಲ್ಲಿ ಗಂಡಾಳು ತಕೋತಾರಂತಾ?"

"ನೀನ್ಯಾಕ್ಲಾ ಕೇಳ್ತೀಯಾ?"

"ಮೋಟ್ರು, ಸ್ಪ್ರೇಯರ್ ಮಿಷಿನ್ನು ಇರ್ತವಲ್ಲ, ರಿಪೇರಿ ಮಾಡ್ತೀನಿ. ಏನೂ ಇಲ್ದಿದ್ರೆ ಗೊಬ್ಬರನಾದ್ರೂ ಒರ್ತೀನಿ. ಕಂಪನಿಯೋರು ಇನ್ ಕರ್ಯಾಕಿಲ್ಲ ಅಣ್ಣ. ನಂಗೊತ್ತಾಗೈತೆ. ಇಲ್ಲಿ ಕೂತ್ರೆ ಎಲ್ರಿಗೂ ಲುಕ್ಸಾನೇ."

ಆರು ತಿಂಗಳಿಂದ ಅವನು ಬಾಯಿಬಿಟ್ಟು ಹೇಳದೆ ಇದ್ದ ಮಾತು ಅದು. ತಡಮಾಡದೆ ಸೋಮಕ್ಕನಿಗೆ ಫೋನು ಮಾಡಿದೆ. ನಾಲ್ಕು ಸಲ ಹೋಗಿ ಐದನೇ ಸಲಕ್ಕೆ ಎತ್ತಿದಳು. ಹಿಂದೆ ಪಾತ್ರೆಗಳ ಸದ್ದು, ಯಾರೋ ಮಲಯಾಳದಲ್ಲಿ ಗದರಿಸುತ್ತಿರುವ ಸದ್ದು.

"ಸೇರ್ಕೊಂಡ್ರಾ ಸೋಮಕ್ಕ?"

"ಸೇರ್ಕೊಂಡೋ ಕಣಪ್ಪ. ಲೈನ್ ಮನೆ ಸೋರ್ತದೆ, ಇರ್ಲಿ. ಸೊಪ್ಪು ಏನಾಯ್ತು?"

"ಅರ್ಧ ಓಯ್ತು."

ಅವಳು ನಿಜವಾಗಿ ನೊಂದ ದನಿಯಲ್ಲಿ ಅಯ್ಯೋ ಎಂದಳು. ನಾನು ನಾಚಿಕೆ ಬಿಟ್ಟು ಮಹೇಂದ್ರನ ವಿಷಯ ಹೇಳಿದೆ. ಒಬ್ಬನಿಗೆ ಜಾಗ ಮಾಡಿಸಿಕೊಡು, ಯಾವ ಕೆಲಸವಾದರೂ ಸರಿ ಎಂದೆ.

"ಆಗ್ಲೇ ಬೇರೆ ಒಬ್ರು ಇನ್ನೊಂದಾಳ್ಗೆ ಜಾಗ ಕೇಳುದ್ರು ಕಣ್ಲಾ, ರೈಟ್ರು ಆಗಾಕಿಲ್ಲ ಅಂದ್ರು. ಹದಿನಾಕಕ್ಕೆ ಒಂದಾಳೂ ಜಾಸ್ತಿ ಆಗ್ಬಾರ್ದಂತೆ. ಅವ್ನು ಬರ್ಬೇಕು ಅಂದ್ರೆ ನಮ್ಮಲ್ಲಿ ಒಬ್ಳು ವಾಪಸ್ ಓಗ್ಬೇಕು."

"ಸೋಮಕ್ಕ..."

"ಇಲ್ಲ ಅನ್ನಾಕಿಲ್ಲ ನಾನು. ನಮ್ಮೂರ್ ಉಡ್ಗ, ನನ್ ಕಣ್ಮುಂದೆ ಬೆಳ್ದೋನು. ಎಲ್ರೂ ಇಲ್ಲೇ ಕೂತವ್ರೆ, ವಾಣೀನೂ ಅವ್ಳೆ. ಯಾರ್ನ ಕಳಿಸ್ಲಿ, ನೀನೇ ಒಂದ್ ಎಸ್ರು ಯೋಳು. ನಾಳೀಕೇ ಕಳಿಸ್ತೀನಿ."

ಹದಿನಾಲ್ಕು ಜನರ ಹೆಸರೂ ನನಗೆ ಗೊತ್ತಿತ್ತು, ಅವರ ಮಕ್ಕಳ ಹೆಸರೂ ಗೊತ್ತಿತ್ತು. ಅವಳು ಫೋನು ಇಡದೆ ಕಾಯುತ್ತಿದ್ದಳು. ಮಹೇಂದ್ರ ಎದುರಿಗೇ ನಿಂತು, ಏನಂದ್ರು, ಏನಂದ್ರು ಎಂದು ಸನ್ನೆ ಮಾಡಿ ಕೇಳುತ್ತಿದ್ದ.